ಬಾಟಲಿಯಲ್ಲಿ ಕುಡಿಸಿದ್ದು ಊಟವಲ್ಲ

ಬಾಟಲಿ ಹಾಲು ಕುಡಿಯುವ ಕೂಸಿಗೆ ಮೂರು ತಿಂಗಳು ತುಂಬಿತೆಂದರೆ ನಮ್ಮ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. "ಎದೆಹಾಲಾದರೆ ಬೇರೆ ಮಾತು. ಇದು ಬರೀ ಪುಡಿ ನೀರು. ಇದರಲ್ಲಿ ಮಗುವಿಗೆ ಎಲ್ಲಿ ಹೊಟ್ಟೆ ತುಂಬತ್ತಮ್ಮ? ರಾಗಿ ಸರಿ ತೆಳ್ಳಗೆ ಕಾಸಿ ಬಾಟಲಿಗೇ ಹಾಕು, ರಾತ್ರಿಯೆಲ್ಲ ಮಲಗತ್ತೆ." ಅತ್ತೆ ಹೇಳುತ್ತಾರೆ, ಅಜ್ಜಿ ಹೇಳುತ್ತಾರೆ, ಬಾಣಂತಿಯನ್ನು ನೋಡಲು ಬಂದವರು ಹೇಳುತ್ತಾರೆ. ಸರಿ ನಿಪ್ಪಲ್ಲಿನಲ್ಲಿ ಇಳಿಯದಿದ್ದರೆ ಸೂಜಿ ಕಾಯಿಸಿ ತೂತು ದೊಡ್ಡದು ಮಾಡುತ್ತಾರೆ. ಅದೇ ಮಗುವನ್ನು ಎಂಟನೆಯ ತಿಂಗಳಲ್ಲಿ ಹೋಗಿ ನೋಡಿದರೆ ಬೇಳೆ ಕಟ್ಟು, ಗಂಜಿ ತಿಳಿ, ಬಾಟಲಿಯಲ್ಲಿ ಮತ್ತದೇ ತೆಳು ಸರಿ. ಸ್ವಲ್ಪ ಗಟ್ಟಿಯಾಗಿ ಕೊಡಿ ಎಂದರೆ, "ಹಲ್ಲೇ ಬಂದಿಲ್ಲ, ಗಂಟಲಿಗೆ ಸಿಕ್ಕಿಬಿಟ್ಟರೆ?" ಎನ್ನುತ್ತಾರೆ. ಮೂರನೆಯ ತಿಂಗಳಲ್ಲಿ ಅಷ್ಟು ಆತುರ ಪಟ್ಟವರೇ ಎಂಟನೆಯ ತಿಂಗಳಲ್ಲಿ ಕೈ ಬಿಗಿ ಹಿಡಿಯುತ್ತಾರೆ.

ಎರಡೂ ತಪ್ಪು, ಎರಡಕ್ಕೂ ಬೇರು ಒಂದೇ ಎನ್ನುವುದು ನನ್ನ ವಾದ. ಬಾಟಲಿ ಕೂಸಿನ ಊಟವೆಂದರೆ ಬಾಟಲಿಯದೇ ಮುಂದುವರಿಕೆ ಎಂದು ತಿಳಿದುಬಿಟ್ಟಿದ್ದೇವೆ. ಹಾಲು ಸಾಲದು ಅನ್ನಿಸಿದರೆ ಹಿಟ್ಟು ಸೇರಿಸುತ್ತೇವೆ, ಹಿಟ್ಟು ಹೆಚ್ಚಾಯಿತು ಅನ್ನಿಸಿದರೆ ನೀರು ಸೇರಿಸುತ್ತೇವೆ. ಆರು ತಿಂಗಳು ತುಂಬುವವರೆಗೆ ಸರಿಯಾಗಿ ಕಲಸಿದ ಹಾಲು ಸಾಕು. ಆರು ತುಂಬಿದ ಮೇಲೆ ಚಮಚದಲ್ಲಿ ನಿಲ್ಲುವಷ್ಟು ಗಟ್ಟಿಯಾದ ಊಟ ಬೇಕು. ಇವೆರಡರ ನಡುವೆ ಬಾಟಲಿಯಲ್ಲಿ ಕುಡಿಸುವ ಸರಿಗೆ ಜಾಗವೇ ಇಲ್ಲ.

ಮೊದಲು ಆತುರದ ವಿಷಯ. ಡಬ್ಬಿಯ ಮೇಲೆ ಬರೆದ ಅಳತೆಗೆ ಸರಿಯಾಗಿ ಕಲಸಿದ ಶಿಶು ಹಾಲಿನ ಪುಡಿಯಲ್ಲಿ 100 ಮಿಲಿಲೀಟರಿಗೆ ಸುಮಾರು 65 ಕ್ಯಾಲೊರಿ ಇರುತ್ತದೆ. ಎದೆಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಬ್ಬಿಣದ ಅಂಶವನ್ನು ಪುಡಿಗೆ ಸೇರಿಸಿಯೇ ಇರುತ್ತಾರೆ. ಹಾಗಾದರೆ "ಪುಡಿ ನೀರು" ಎಂಬ ಮಾತು ಎಲ್ಲಿಂದ ಬಂತು? ಎಷ್ಟೋ ಮನೆಗಳಲ್ಲಿ ಅದು ನಿಜಕ್ಕೂ ನೀರೇ ಆಗಿರುತ್ತದೆ, ಅಲ್ಲಿಂದ. ಡಬ್ಬಿಯ ಬೆಲೆ ಕೈ ಸುಡುತ್ತದೆ, ತಿಂಗಳ ಕೊನೆಗೆ ಬರಲಿ ಎಂದು ಐದು ಚಮಚ ಹಾಕುವ ಕಡೆ ಮೂರು ಹಾಕುತ್ತಾರೆ. ಪ್ಯಾಕೆಟ್ ಹಾಲು ಕೊಡುವವರು ಜೀರ್ಣವಾಗಲಿ ಎಂದು ಸಮಸಮ ನೀರು ಬೆರೆಸುತ್ತಾರೆ. ಆ ಮಗು ಅಳುವುದು ಹಸಿವಿಗೇ, ಅದರಲ್ಲಿ ಸಂಶಯವಿಲ್ಲ. ಅದಕ್ಕೆ ಮದ್ದು ಅಳತೆ ಸರಿಪಡಿಸುವುದು. ಪ್ಯಾಕೆಟ್ ಹಾಲಾದರೆ, ಆರು ತಿಂಗಳೊಳಗಿನ ಮಗುವಿಗೆ ಏನು ಕೊಡಬೇಕೆಂದು ಮಕ್ಕಳ ವೈದ್ಯರನ್ನು ಕೇಳಲೇಬೇಕು. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಕೆಲವು ಎಳೆಯ ಮಕ್ಕಳ ಕರುಳಿನಿಂದ ಅದು ಕಣ್ಣಿಗೆ ಕಾಣದಷ್ಟು ರಕ್ತವನ್ನೂ ಸೋರಿಸುತ್ತದೆ. ನೀರು ಬೆರೆಸಿದ ಹಾಲಿನ ಕೊರತೆಯನ್ನು ಇನ್ನಷ್ಟು ನೀರಿನಲ್ಲಿ ಬೇಯಿಸಿದ ಹಿಟ್ಟು ತುಂಬಲಾರದು.

ಇನ್ನು ನಿದ್ದೆಯ ಆಸೆ. ಈ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಾತ್ರಿ ಮೂರು ಸಲ ಎದ್ದು ಬಾಟಲಿ ಕುದಿಸಿ, ಹಾಲು ಕಲಸಿ, ಆರಿಸಿ ಕುಡಿಸುವ ತಾಯಿಯ ಸುಸ್ತು ಎಂಥದೆಂದು ಪಟ್ಟವರಿಗೇ ಗೊತ್ತು. ಆದರೆ ಈ ನಂಬಿಕೆಯನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಶಿಶುಗಳಿಗೆ ಐದು ವಾರದಿಂದಲೇ, ಇನ್ನು ಕೆಲವಕ್ಕೆ ನಾಲ್ಕು ತಿಂಗಳಿಂದ, ಮಲಗುವ ಮುಂಚೆ ಬಾಟಲಿಯಲ್ಲಿ ಅಕ್ಕಿ ಹಿಟ್ಟಿನ ಗಂಜಿ ಕೊಟ್ಟರು. ಎರಡು ಗುಂಪಿನ ನಿದ್ದೆಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎದುರು ಪಕ್ಷಕ್ಕೂ ಒಂದು ಸಾಕ್ಷಿ ಇದೆ, ಅದನ್ನು ಮುಚ್ಚಿಡಬಾರದು. 2018ರಲ್ಲಿ ಲಂಡನ್ನಿನ ಸಂಶೋಧಕರು ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಮೂರು ತಿಂಗಳಿಂದಲೇ ಆಹಾರ ತಿಂದ ಮಕ್ಕಳು ರಾತ್ರಿ ಸುಮಾರು 17 ನಿಮಿಷ ಹೆಚ್ಚು ಮಲಗಿದವು. ಅವೆಲ್ಲ ಎದೆಹಾಲು ಕುಡಿಯುತ್ತಿದ್ದ ಮಕ್ಕಳು. ಶುದ್ಧ ನೀರು, ಹತ್ತಿರದಲ್ಲೇ ವೈದ್ಯರು ಇದ್ದ ಮನೆಯವು. ಅಷ್ಟೆಲ್ಲ ಇದ್ದೂ ದಕ್ಕಿದ್ದು ಆ ಕಾಲು ಗಂಟೆ. ಅಷ್ಟಕ್ಕಾಗಿ, ಕುತ್ತಿಗೆಯೂ ನಿಲ್ಲದ ಮಗುವನ್ನು ಅಂಗಾತ ಮಲಗಿಸಿ, ತೂತು ಅಗಲಿಸಿದ ನಿಪ್ಪಲ್ಲಿನಿಂದ ಹಿಟ್ಟಿನ ನೀರು ಸುರಿಯುವ ಅಪಾಯವನ್ನು ನಮ್ಮ ಮನೆಗಳು ಹೊರಬೇಕೇ? ಆ ವಯಸ್ಸಿನ ಮಗುವಿನ ನಾಲಿಗೆ ಗಟ್ಟಿಯಾದದ್ದನ್ನು ಹೊರಕ್ಕೇ ನೂಕುತ್ತದೆ. ಬೇಡ ಎಂದು ಹೇಳಲು ಅದಕ್ಕಿರುವ ದಾರಿ ಅದೊಂದೇ. ಬಾಟಲಿ ಆ ದಾರಿಯನ್ನೂ ಮುಚ್ಚಿಬಿಡುತ್ತದೆ.

ಯುರೋಪಿನ ಮಕ್ಕಳ ವೈದ್ಯರ ಸಂಘಗಳು ನಾಲ್ಕು ತಿಂಗಳು ತುಂಬಿದ ಮೇಲೆ ಆಹಾರ ಶುರು ಮಾಡಬಹುದು ಎನ್ನುತ್ತವೆ ಎಂದು ಕೆಲವರು ವಾದಿಸುತ್ತಾರೆ. ಹೌದು, ಹೇಳುತ್ತವೆ. ಮೂರು ತಿಂಗಳಿಗೆ ಎಂದು ಅವೂ ಹೇಳುವುದಿಲ್ಲ, ಬಾಟಲಿಯಲ್ಲಿ ಎಂದಂತೂ ಇಲ್ಲವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲೂ ಆರು ತಿಂಗಳು ಎಂಬ ಮಾತಿಗೇ ಅಂಟಿಕೊಂಡಿದೆ. ಬಾಟಲಿ ಕೂಸಿಗೆ ಬೇಗ ಕೊಟ್ಟರೆ ನಷ್ಟ ಹೆಚ್ಚು ಎನ್ನುವುದಕ್ಕೂ ಸಾಕ್ಷಿ ಇದೆ. ಬಾಸ್ಟನ್ನಿನಲ್ಲಿ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ವರದಿ ಮಾಡಿದಂತೆ, ಪುಡಿ ಹಾಲು ಕುಡಿಯುತ್ತಿದ್ದ ಮಕ್ಕಳಲ್ಲಿ ನಾಲ್ಕು ತಿಂಗಳಿಗೆ ಮೊದಲೇ ಆಹಾರ ತಿಂದವರು ಮೂರು ವರ್ಷಕ್ಕೆ ಬೊಜ್ಜು ಬೆಳೆಸಿಕೊಳ್ಳುವ ಸಂಭವ ಆರು ಪಟ್ಟಿನಷ್ಟಿತ್ತು. ಎದೆಹಾಲಿನ ಮಕ್ಕಳಲ್ಲಿ ಅಂಥ ನಂಟು ಕಾಣಲಿಲ್ಲ. ಒಂದೇ ಅಧ್ಯಯನದಿಂದ ಕಾರಣವನ್ನು ಸಾಧಿಸಲಾಗದು, ನಿಜ. ಆದರೂ ಬಾಟಲಿ ಕೂಸಾದ್ದರಿಂದ ಬೇಗ ಕೊಡಬೇಕು ಎಂಬ ವಾದ ಇದರ ಮುಂದೆ ನಿಲ್ಲುವುದು ಕಷ್ಟ. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಗುವಿನ ಲೆಕ್ಕ ಬೇರೆ. ಹಾಲು ಕಕ್ಕುವ ಕಾಯಿಲೆಗೆ ವೈದ್ಯರೇ ಹಾಲನ್ನು ಗಟ್ಟಿ ಮಾಡಿ ಕೊಡಿ ಎಂದಿದ್ದರೆ ಅದೂ ಬೇರೆ.

ಈಗ ಎರಡನೆಯ ತಪ್ಪಿಗೆ ಬರುತ್ತೇನೆ. ನನಗೆ ಹೆಚ್ಚು ಸಂಕಟ ಕೊಡುವುದು ಇದೇ, ಏಕೆಂದರೆ ಇದು ಪ್ರೀತಿಯ ಹೆಸರಿನಲ್ಲಿ ಮಗುವನ್ನು ಉಪವಾಸ ಕೆಡವುತ್ತದೆ.

ತೆಳ್ಳಗಿದ್ದಷ್ಟೂ ಮಗುವಿಗೆ ಹಿತ ಎಂಬ ನಂಬಿಕೆಯನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ಎದೆಹಾಲು ಇಲ್ಲದ ಮಗುವಿಗೆ ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಸುಮಾರು 600 ಕ್ಯಾಲೊರಿ, ಒಂಬತ್ತರಿಂದ ಹನ್ನೊಂದಕ್ಕೆ 700, ವರ್ಷ ತುಂಬಿದ ಮೇಲೆ 900 ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇಂಥ ಮಕ್ಕಳಿಗೆಂದೇ ಹೊರತಂದ ಸೂತ್ರಗಳು ಹೇಳುತ್ತವೆ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ತೂಕದ ಕಿಲೋಗೆ ಸುಮಾರು 30 ಗ್ರಾಂ; ಏಳೂವರೆ ಕಿಲೋದ ಮಗುವಾದರೆ ಒಂದು ಲೋಟದಷ್ಟು. ಬಾಟಲಿಯಲ್ಲಿ ಇಳಿಯಬೇಕೆಂದು 100 ಮಿಲಿಲೀಟರ್ ನೀರಿಗೆ ಒಂದು ಟೀ ಚಮಚ, ಹೆಚ್ಚೆಂದರೆ ಐದು ಗ್ರಾಂ ಹಿಟ್ಟು ಹಾಕಿ ಕಾಸಿದ ಸರಿಯಲ್ಲಿ ಇರುವುದು 17 ಕ್ಯಾಲೊರಿ. ಅಷ್ಟೇ ಹಾಲಿನಲ್ಲಿ 65 ಇತ್ತು. ಹಾಲು ಸಾಲದೆಂದು ಕೊಟ್ಟ ಸರಿ ಹಾಲಿನ ಸುಮಾರು ಕಾಲುಭಾಗಕ್ಕಷ್ಟೇ ಸಾಟಿಯಾಯಿತು, ಹೊಟ್ಟೆಯಲ್ಲಿ ಮಾತ್ರ ಹಾಲಿನಷ್ಟೇ ಜಾಗ ಹಿಡಿಯಿತು. ಮಗು ಸುಮ್ಮನಾಯಿತು, ಹೊಟ್ಟೆ ಉಬ್ಬಿತು, ತೂಕ ನಿಂತಿತು. ಬೇಳೆ ಕಟ್ಟಿನ ಕಥೆ ಇನ್ನೂ ಕಷ್ಟದ್ದು: ಬೇಳೆಯ ಸತ್ವವೆಲ್ಲ ಪಾತ್ರೆಯ ತಳದಲ್ಲಿ ಉಳಿಯುತ್ತದೆ, ದೊಡ್ಡವರ ಸಾರಿಗೆ ಹೋಗುತ್ತದೆ, ಮೇಲಿನ ಬಣ್ಣದ ನೀರು ಮಗುವಿನ ಪಾಲಿಗೆ.

ಅಷ್ಟೇ ನೀರಿಗೆ ಮೊಳಕೆ ಕಟ್ಟಿದ ರಾಗಿ ಹಿಟ್ಟು 15 ಗ್ರಾಂ, ಹುರಿದ ಹೆಸರುಬೇಳೆ ಹಿಟ್ಟು ಐದು ಗ್ರಾಂ ಹಾಕಿ ಬೇಯಿಸಿ, ಒಂದು ಟೀ ಚಮಚ ತುಪ್ಪ ಬಿಟ್ಟರೆ ನೂರು ಕ್ಯಾಲೊರಿ ದಾಟುತ್ತದೆ. ತಾಯಿ ಬೇರೇನೂ ಕೊಂಡು ತರಬೇಕಾಗಿಲ್ಲ. ಚಮಚ ಓರೆ ಮಾಡಿದರೆ ಸುರಿದು ಹೋಗಬಾರದು, ನಿಧಾನಕ್ಕೆ ಜಾರಬೇಕು, ಹದ ಅಷ್ಟೇ.

ಇಲ್ಲಿ ಮೊಳಕೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆ ಮೈಸೂರಿನ ಕಡೆ ರಾಗಿ ಸರಿ ಹಿಟ್ಟು ಮಾಡುವುದೆಂದರೆ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವುದು. ದಿನಗಟ್ಟಲೆಯ ಕೆಲಸ. ಇದರಲ್ಲಿ ಮೊಳಕೆ ಯಾಕೆ? ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ಕತ್ತರಿಸುತ್ತದೆ, ಬೇಯಿಸಿದಾಗ ಹಿಟ್ಟು ಹಸಿ ರಾಗಿ ಹಿಟ್ಟಿನಂತೆ ಮುದ್ದೆಗಟ್ಟುವುದಿಲ್ಲ. ಹಾಗಾಗಿ ಅಷ್ಟೇ ನೀರಿಗೆ ಎರಡು ಮೂರು ಪಟ್ಟು ಹಿಟ್ಟು ಹಾಕಿದರೂ ಮಗು ನುಂಗುವ ಹದ ಉಳಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು 1980ರ ದಶಕದ ಆರಂಭದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರ ರೂಪಿಸಿದ್ದು ಈ ತತ್ವದ ಮೇಲೆಯೇ. ಬರೋಡಾದಲ್ಲಿ ತಾರಾ ಗೋಪಾಲ್‌ದಾಸ್ ಅವರು ಗಟ್ಟಿ ಗಂಜಿಗೆ ಚಿಟಿಕೆಯಷ್ಟು ಮೊಳಕೆ ಹಿಟ್ಟು ಕಲಸಿದರೆ ಸಾಕು, ನಿಮಿಷಗಳಲ್ಲಿ ಅದು ಸಡಿಲವಾಗುತ್ತದೆ ಎಂದು ತೋರಿಸಿಕೊಟ್ಟರು. ನೀರು ಸೇರಿಸದೆ ಸಡಿಲ ಮಾಡುವ ಉಪಾಯ ಇದು. ನಮ್ಮ ಅಜ್ಜಿಯಂದಿರ ಕೈಯಲ್ಲಿ ಇದು ಮೊದಲೇ ಇತ್ತು. ಅವರು ಕಂಡುಕೊಂಡ ವಿದ್ಯೆಯನ್ನು ಉಳಿಸಿಕೊಂಡ ನಾವು, ಕೊನೆಯಲ್ಲಿ ಅದಕ್ಕೆ ನಾಲ್ಕು ಪಟ್ಟು ನೀರು ಹೊಯ್ದು ಬಾಟಲಿಗೆ ತುಂಬಿ ಅದರ ಪ್ರಯೋಜನವನ್ನೆಲ್ಲ ಕಳೆದುಬಿಡುತ್ತೇವೆ. ಪದ್ಧತಿಯ ಹೆಸರಿನಲ್ಲಿ ತೆಳು ಸರಿಯನ್ನು ಸಮರ್ಥಿಸುವವರಿಗೆ ನನ್ನ ಉತ್ತರ ಇದು: ಆ ಪದ್ಧತಿ ನಿಮ್ಮ ಪರವಾಗಿಲ್ಲ.

ರಾಗಿಯೊಂದರಿಂದಲೇ ಎಲ್ಲ ಆಗುವುದೂ ಇಲ್ಲ. ಸುಣ್ಣದ ಅಂಶ ಅದರಲ್ಲಿ ಧಾರಾಳ, ಆದರೆ ಅದರ ಕಬ್ಬಿಣ ದೇಹಕ್ಕೆ ಹತ್ತುವುದು ಕಡಿಮೆ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಕೂಡಿಸಿಕೊಂಡ ಕಬ್ಬಿಣ ಆರು ತಿಂಗಳ ಹೊತ್ತಿಗೆ ಮಗುವಿನಲ್ಲಿ ತೀರುತ್ತ ಬರುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡಾ ರಕ್ತಹೀನರು. ದೇಶದಲ್ಲಿ ಆರರಿಂದ 23 ತಿಂಗಳ ಮಕ್ಕಳ ಪೈಕಿ ಸಾಕಷ್ಟು ಊಟ ಸಿಗುತ್ತಿರುವುದು 11.3 ಶೇಕಡಾ ಮಕ್ಕಳಿಗೆ ಮಾತ್ರ. ಈ ಅಂಕಿಗಳ ಮುಂದೆ ನಿಂತು, ಮೊಟ್ಟೆ ಉಷ್ಣ, ಬಾಳೆಹಣ್ಣು ಶೀತ, ಸೊಪ್ಪು ಅಜೀರ್ಣ ಎಂದು ಒಂದೊಂದನ್ನೇ ತಟ್ಟೆಯಿಂದ ತೆಗೆಯುವುದನ್ನು ನಾನು ಒಪ್ಪಲಾರೆ. ತಿನ್ನುವ ಮನೆಯಾದರೆ ಆರು ತಿಂಗಳಿಂದಲೇ ಚೆನ್ನಾಗಿ ಬೆಂದ ಮೊಟ್ಟೆ, ಮೀನು, ನುಣ್ಣಗೆ ಮಾಡಿದ ಮಾಂಸ ಕೊಡಬಹುದು. ತಿನ್ನದ ಮನೆಯಾದರೆ ಬೇಳೆ, ಸೊಪ್ಪು, ಜೊತೆಗೆ ಎರಡು ಹನಿ ನಿಂಬೆರಸ. ಹುಳಿ ಕಬ್ಬಿಣವನ್ನು ದೇಹಕ್ಕೆ ಹತ್ತಿಸುತ್ತದೆ. ಅಲರ್ಜಿಯ ಭಯದಿಂದ ಕಡಲೆಕಾಯಿ, ಮೊಟ್ಟೆಗಳನ್ನು ವರ್ಷಗಟ್ಟಲೆ ದೂರವಿಡಿ ಎಂಬ ಸಲಹೆಯೂ ಬಿದ್ದುಹೋಗಿದೆ. ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಲರ್ಜಿಯ ಅಪಾಯ ಹೆಚ್ಚಿದ್ದ ಶಿಶುಗಳಲ್ಲಿ ಕಡಲೆಕಾಯಿಯನ್ನು ಬೇಗ ತಿಂದವರಿಗೆ ಆ ಅಲರ್ಜಿ ಬಂದದ್ದು ತೀರ ಕಡಿಮೆ. ಕಾಳಾಗಿ ಕೊಡಬಾರದು, ನುಣ್ಣಗೆ ಪುಡಿ ಮಾಡಿ ಸರಿಗೆ ಕಲಸಬೇಕು. ವರ್ಷದೊಳಗೆ ಖಂಡಿತ ಕೊಡಬಾರದ್ದು ಜೇನುತುಪ್ಪ, ಅದನ್ನೇ ನಾವು ಹುಟ್ಟಿದ ದಿನ ನಾಲಿಗೆಗೆ ಸವರುತ್ತೇವೆ.

ಅಂಗಡಿಯ ಡಬ್ಬಿ ಆಹಾರವೇ ವೈಜ್ಞಾನಿಕ ಎಂಬ ನಂಬಿಕೆ ಬಾಟಲಿ ಮನೆಗಳಲ್ಲಿ ಇನ್ನೂ ಬಲವಾಗಿದೆ. ಹಾಲು ಡಬ್ಬಿಯಿಂದ ಬಂದ ಮೇಲೆ ಊಟವೂ ಡಬ್ಬಿಯಿಂದಲೇ ಬರಲಿ ಎನ್ನುವುದು ಅದರ ತರ್ಕ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡುವುದನ್ನು ನಮ್ಮ ದೇಶದ 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿವೆ. ಆದರೂ ಆ ಮೋಹ ಹೋಗಿಲ್ಲ. ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ 2024ರ ಏಪ್ರಿಲಿನಲ್ಲಿ, ಭಾರತದಲ್ಲಿ ಮಾರುವ ಸೆರೆಲ್ಯಾಕ್ ಮಾದರಿಗಳಲ್ಲಿ ಸೇರಿಸಿದ ಸಕ್ಕರೆ ಇದೆ, ಯುರೋಪಿನಲ್ಲಿ ಅದೇ ಕಂಪನಿ ಅಂಥವನ್ನು ಸಕ್ಕರೆ ಇಲ್ಲದೆ ಮಾರುತ್ತದೆ ಎಂದು ಬಯಲು ಮಾಡಿತು. ಕಂಪನಿ ಆಮೇಲೆ ಸಕ್ಕರೆ ಇಲ್ಲದ ಬಗೆಗಳನ್ನು ಇಲ್ಲೂ ತಂದಿತು. ಕಬ್ಬಿಣ ಬೆರೆಸಿದ ಡಬ್ಬಿ ಆಹಾರ ಪ್ರಯಾಣಕ್ಕೆ, ಅನಿವಾರ್ಯಕ್ಕೆ ಆಗಬಹುದು. ಅದರ ನುಣುಪಿಗೂ ಸಿಹಿಗೂ ಒಗ್ಗಿದ ಬಾಯಿ ಮನೆಯ ಅನ್ನ ಸಾರಿಗೆ ತಿರುಗುವುದು ಕಷ್ಟ.

ಬಾಯಿಯ ವಿಷಯ ಬಂದಿತಾದ್ದರಿಂದ ಹಲ್ಲಿನ ಆಕ್ಷೇಪಕ್ಕೂ ಉತ್ತರಿಸಬೇಕು. ಮಗು ಮೆದುವಾದದ್ದನ್ನು ಅರೆಯುವುದು ವಸಡಿನಿಂದ. ನಾಲಿಗೆಯನ್ನು ಪಕ್ಕಕ್ಕೆ ಹೊರಳಿಸಿ, ತುತ್ತನ್ನು ಅತ್ತಿತ್ತ ಮಾಡುವುದನ್ನು ಅದು ಕಲಿಯಲು ಒಂದು ಕಾಲವಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಒಂಬತ್ತು ತಿಂಗಳು ದಾಟುವವರೆಗೂ ಗಂಟು ಗಂಟಾದ ಆಹಾರ ಕಾಣದ ಮಕ್ಕಳಿಗೆ ಏಳನೆಯ ವಯಸ್ಸಿನಲ್ಲೂ ಊಟದ ತಕರಾರು ಹೆಚ್ಚಿದ್ದದ್ದು ಕಂಡಿತು. ಬಾಟಲಿ ಕೂಸಿಗೆ ಈ ಅಭ್ಯಾಸ ಇನ್ನೂ ಮುಖ್ಯ, ಅದು ಕಲಿತಿರುವುದು ಚೀಪುವುದೊಂದನ್ನೇ. ಬಾಟಲಿಯ ಮೇಲಿನ ಗೆರೆಗಳು ಇನ್ನೊಂದು ಕೇಡು ಮಾಡುತ್ತವೆ. ನಾವು ಮಗುವಿನ ಮುಖ ನೋಡುವುದು ಬಿಟ್ಟು ಗೆರೆ ನೋಡುತ್ತೇವೆ, ಉಳಿದ 30 ಮಿಲಿಲೀಟರನ್ನೂ ಇಳಿಸಿಯೇ ಬಿಡುತ್ತೇವೆ. ಎಳವೆಯಲ್ಲಿ ಬಾಟಲಿಯಿಂದ ಕುಡಿದ ಮಕ್ಕಳು ಮುಂದೆಯೂ ಕೊಟ್ಟಷ್ಟನ್ನು ಖಾಲಿ ಮಾಡುವ ರೂಢಿಗೆ ಬೀಳುವುದು ಹೆಚ್ಚು ಎಂದು ಅಮೆರಿಕದ ಅಧ್ಯಯನವೊಂದು 2010ರಲ್ಲಿ ತೋರಿಸಿತು. ಚಾಚಿದ ಕಾಲಿನ ಮೇಲೆ ಮಗುವನ್ನು ಮಲಗಿಸಿ ಒಳಲೆಯಲ್ಲಿ ಸರಿ ಹೊಯ್ಯುವುದಕ್ಕೂ ಇದೇ ಮಾತು ಸಲ್ಲುತ್ತದೆ. ಹಾಲಿಗೆ ಒಳಲೆ ಬಾಟಲಿಗಿಂತ ಎಷ್ಟೋ ವಾಸಿ, ತೊಳೆಯಲು ಸುಲಭ. ಊಟಕ್ಕೆ ಮಾತ್ರ ಮಗುವನ್ನು ಕೂರಿಸಬೇಕು, ಚಮಚ ತುಟಿಯ ಹತ್ತಿರ ಹಿಡಿದು ಕಾಯಬೇಕು, ಮುಖ ತಿರುಗಿಸಿದರೆ ನಿಲ್ಲಿಸಬೇಕು.

ಊಟ ಬೆಳೆದಂತೆ ಹಾಲು ಹಿಂದೆ ಸರಿಯಬೇಕು. ಆ 2005ರ ಸೂತ್ರಗಳೇ ಹೇಳುವಂತೆ, ಮೊಟ್ಟೆ ಮಾಂಸ ತಿನ್ನುವ ಮಗುವಿಗೆ ದಿನಕ್ಕೆ 200ರಿಂದ 400 ಮಿಲಿಲೀಟರ್ ಹಾಲು ಸಾಕು, ತಿನ್ನದ ಮಗುವಿಗೆ 300ರಿಂದ 500. ದಿನಕ್ಕೆ ನಾಲ್ಕೈದು ಊಟ. ವರ್ಷದ ಮಗು ಲೀಟರ್ ಹಾಲು ಬಾಟಲಿಯಲ್ಲಿ ಕುಡಿದು ಬಿಳಿಚಿಕೊಂಡಿದ್ದರೆ, "ಊಟ ಸೇರಲ್ಲ, ಹಾಲಾದರೂ ಕುಡೀತಾನಲ್ಲ" ಎಂದು ಸಮಾಧಾನ ಪಡುವ ತಂದೆ ತಾಯಿ ಕಾರಣವನ್ನೇ ಪರಿಹಾರವೆಂದು ನಂಬಿದ್ದಾರೆ.

ತಡ ಮಾಡುವವರದೂ ಒಂದು ಬಳಗವಿದೆ. ಗಂಡಾದರೆ ಸಮ ತಿಂಗಳು, ಹೆಣ್ಣಾದರೆ ಬೆಸ ತಿಂಗಳು, ಮುಹೂರ್ತ ಕೂಡಬೇಕು, ಹೊರನಾಡಿಗೆ ಹೋಗಬೇಕು ಎಂದು ಅನ್ನಪ್ರಾಶನ ಎಂಟು ಒಂಬತ್ತಕ್ಕೆ ಜಾರುತ್ತದೆ. ಶಾಸ್ತ್ರ ಅದರ ದಿನಕ್ಕೆ ನಡೆಯಲಿ, ಮಗುವಿನ ಅಡುಗೆ ಅದಕ್ಕಾಗಿ ಕಾಯುವುದು ಬೇಡ.

ಇಷ್ಟೆಲ್ಲ ತಪ್ಪು ನಂಬಿಕೆ ಇಷ್ಟು ಕಾಲ ಬದುಕಿರುವುದಕ್ಕೆ ಅಜ್ಜಿ ಅತ್ತೆಯರನ್ನಷ್ಟೇ ದೂರುವುದು ಅನ್ಯಾಯ. ಸರ್ಕಾರಿ ಲಸಿಕೆ ಪಟ್ಟಿಯನ್ನು ನೋಡಿ: 14ನೆಯ ವಾರದ ಚುಚ್ಚುಮದ್ದಾದ ಮೇಲೆ ಮುಂದಿನದು ಒಂಬತ್ತು ತಿಂಗಳಿಗೆ. ಊಟ ಶುರುವಾಗಬೇಕಾದ ಆರನೆಯ ತಿಂಗಳು ಸರಿಯಾಗಿ ಆ ಖಾಲಿಯಲ್ಲಿ ಬೀಳುತ್ತದೆ. ಆಸ್ಪತ್ರೆಯ ಬಾಗಿಲು ಕಾಣದ ಆ ಐದಾರು ತಿಂಗಳಲ್ಲಿ ತಾಯಿಗೆ ಸಿಗುವುದು ನೆರೆಹೊರೆಯ ಸಲಹೆಯೇ. 2018ರಲ್ಲಿ ಶುರುವಾದ ಯೋಜನೆಯಂತೆ ಆಶಾ ಕಾರ್ಯಕರ್ತೆ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳಲ್ಲಿ ಮನೆಗೆ ಬರಬೇಕು, ಒಳ್ಳೆಯ ಏರ್ಪಾಡು. ಆದರೆ ನಮ್ಮ ಪ್ರಚಾರವೆಲ್ಲ ಎದೆಹಾಲಿನ ತಾಯಿಯನ್ನು ಕುರಿತದ್ದು. ಎದೆಹಾಲೇ ಶ್ರೇಷ್ಠ ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ತಾಯಿ ಇಲ್ಲದ ಕೂಸು ಇದೆ, ದತ್ತು ಬಂದ ಕೂಸು ಇದೆ, ಕಾಯಿಲೆಯ ತಾಯಿ ಇದ್ದಾಳೆ, ರಜೆಯೇ ಇಲ್ಲದ ಕೆಲಸಕ್ಕೆ ಹಿಂದಿರುಗಿದವಳು ಇದ್ದಾಳೆ. ಬಾಟಲಿ ಕಂಡೊಡನೆ "ಯಾಕಮ್ಮಾ, ಎದೆಹಾಲು ಕೊಡ್ತಿಲ್ವಾ?" ಎಂದು ಕೇಳಿದರೆ ಆಕೆ ಮುಂದಿನ ಸಲ ಬಾಟಲಿಯನ್ನೂ ಅದರೊಳಗಿನ ಸರಿಯನ್ನೂ ಬಚ್ಚಿಡುತ್ತಾಳೆ. ಆರನೆಯ ತಿಂಗಳಲ್ಲಿ ಆ ಪ್ರಶ್ನೆಯಿಂದ ಯಾರಿಗೂ ಉಪಯೋಗವಿಲ್ಲ. ಆಗ ಕೇಳಬೇಕಾದ್ದು ಬೇರೆ: ಹಾಲಿಗೆ ಎಷ್ಟು ನೀರು ಹಾಕುತ್ತೀರಿ, ನಿನ್ನೆ ಮಗು ಏನೇನು ತಿಂದಿತು, ಎಷ್ಟು ಸಲ, ಬೇಳೆ ತಳದ್ದೋ ಮೇಲಿನದೋ, ಮೊಟ್ಟೆ ಯಾವಾಗ ಕೊಟ್ಟಿರಿ, ಅಂಗನವಾಡಿಯ ಪುಷ್ಟಿ ಹಿಟ್ಟು ಮಗುವಿನ ಹೊಟ್ಟೆಗೇ ಹೋಗುತ್ತಿದೆಯೇ. ಈ ಪ್ರಶ್ನೆಗಳು ಆಶಾ ಕಾರ್ಯಕರ್ತೆಯ ತರಬೇತಿಯಲ್ಲಿ ಬಾಟಲಿ ಕೂಸಿನ ಹೆಸರು ಹೇಳಿಯೇ ಬರಬೇಕು, ಮತ್ತು ಒಂಬತ್ತನೆಯ ತಿಂಗಳ ಲಸಿಕೆಗೆ ಬಂದ ಮಗುವನ್ನು ತೂಕ ಮಾಡುವ ನರ್ಸ್ ಅವನ್ನು ಇನ್ನೊಮ್ಮೆ ಕೇಳಬೇಕು.